ಕೈಯಾರೆ ಕೊಟ್ಟ ಸೀರೆ

ಚಳ್ಳಕೆರೆ ಪೇಟೆಯ ಜವಳಿ ವ್ಯಾಪಾರಿ ಜಂಬುಲಿಂಗಪ್ಪನಿಗೆ ಸೀರೆಯ ವಿಷಯದಲ್ಲಿ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದು ಊರು ನಂಬಿತ್ತು. ಊರಿಗಿಂತ ಒಂದು ಕೈ ಹೆಚ್ಚಾಗಿ ಅವನೇ ನಂಬಿದ್ದ. ಹರೆಯದಲ್ಲಿ ಗಲ್ಲಾದ ಮೇಲೆ ಕೂತವನು ತಲೆ ನರೆತರೂ ಎದ್ದಿರಲಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಸೆರಗನ್ನು ಎರಡು ಬೆರಳಿನಲ್ಲಿ ಹಿಡಿದರೆ ಸಾಕು, ಇದು ಯಾವ ಓಣಿಯ ಯಾರ ಮಗ್ಗದ್ದು ಎಂದು ಹೇಳಿಬಿಡುತ್ತಿದ್ದ. ಇಂಥ ಮನುಷ್ಯ ಒಂದು ಸೀರೆ ಕೊಡುವುದರಲ್ಲಿ ಎಡವಿದ ಎಂದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಊರಂತೂ ಮೊದಲು ನಕ್ಕಿತು.

ಆ ತಪ್ಪಿಗೆ ಕಾರಣ ಹುಡುಕಿದರೆ ಅದು ಹೋಗಿ ಮುಟ್ಟುವುದು ಅವನ ಹೆಂಡತಿ ಶಿವಬಸಮ್ಮನನ್ನು. ಗಲ್ಲಾ ಅವನದು, ಮಿಕ್ಕ ಅಂಗಡಿಯೆಲ್ಲ ಅವಳದು ಎಂಬ ಹಾಗೆ ನಡೆದಿತ್ತು ಸಂಸಾರ. ಕೆಲಸದವರಿಗೆ ಹಬ್ಬಕ್ಕೆ ಬಟ್ಟೆ ಕೊಡುವುದು, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಮನೆಯಲ್ಲಿ ಸೂತಕ ಎಂದು ವಿಚಾರಿಸುವುದು, ಎಲ್ಲ ಅವಳ ಕೈಯಲ್ಲೇ ಆಗಬೇಕು. ಗಂಡ ಒಂದು ದಿನವೂ ತಲೆ ಕೆಡಿಸಿಕೊಂಡವನಲ್ಲ. ಕಾಮಾಲೆ ಬಂದು ಅವಳು ತೀರಿಕೊಂಡಾಗ ಅವನು ಕಳೆದುಕೊಂಡದ್ದು ಹೆಂಡತಿಯನ್ನಷ್ಟೇ ಅಲ್ಲ, ಲೋಕದ ಜೊತೆಗೆ ತನ್ನ ಪರವಾಗಿ ಮಾತಾಡುತ್ತಿದ್ದ ಬಾಯಿಯನ್ನೂ. ಮಗಳು ಶೈಲಜಾ ರಾಂಪುರದಲ್ಲಿ ಗಂಡನ ಮನೆಯಲ್ಲಿದ್ದಳು. ಅಡಿಗೆ ನೋಡಿಕೊಳ್ಳಲು ಅಕ್ಕ ಬಂದಳು. ಅವಳಿಗೆ ಹೆಸರು ಬೇರೆ ಇತ್ತು, ಆದರೆ ತಮ್ಮನಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ಅವಳು ದೊಡ್ಡಕ್ಕ.

ಅಂಗಡಿಯ ಹಿಂಭಾಗದಲ್ಲಿ ಬೀರುವಿನ ಪಕ್ಕ ಒಂದು ಚಾಪೆ ಹಾಸಿರುತ್ತಿತ್ತು. ಅಲ್ಲಿ ಕೂತು ದಾಕ್ಷಾಯಿಣಿ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಅವಳ ಗಂಡ ಎಣ್ಣೆ ಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದವನು, ಲಾರಿ ಉರುಳಿ ಸತ್ತಿದ್ದ. ಮಕ್ಕಳಿರಲಿಲ್ಲ. ಅಂದಿನಿಂದ ತಮ್ಮ ಸಿದ್ದಲಿಂಗೇಶನ ಮನೆಯಲ್ಲಿದ್ದಳು. ತಮ್ಮ ಒಳ್ಳೆಯವನೇ, ತಮ್ಮನ ಹೆಂಡತಿಯೂ ಕೆಟ್ಟವಳಲ್ಲ, ಆದರೆ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಎಷ್ಟು ವರ್ಷ ನೆಂಟರಾಗಿ ಇರಲು ಸಾಧ್ಯ? ಅದನ್ನು ಅರಿತು ಶಿವಬಸಮ್ಮನೇ ಅವಳನ್ನು ಅಂಗಡಿಗೆ ಕರೆತಂದು ಆ ಚಾಪೆ ಹಾಸಿಕೊಟ್ಟಿದ್ದಳು.

ದಾಕ್ಷಾಯಿಣಿಯ ಬಾಯಿ ಕಮ್ಮಿ. ಆದರೆ ತೆರೆದರೆ ಮೆಣಸಿನಕಾಯಿ. ಜಂಬುಲಿಂಗಪ್ಪ ಗಿರಾಕಿಗಳ ಮುಂದೆ ಒಂದು ಸೀರೆ ಬಿಚ್ಚಿ, "ನೋಡ್ರವ್ವ, ರಾಣಿ ಬಣ್ಣ, ಅಚ್ಚ ರಾಣಿ ಬಣ್ಣ" ಎಂದರೆ, ಹಿಂದಿನಿಂದ ಮೆಲ್ಲಗೆ, "ಅದು ಬೇಯಿಸಿದ ಬೀಟ್‌ರೂಟು" ಎಂದು ಬರುತ್ತಿತ್ತು. ಗಿರಾಕಿಗಳು ನಕ್ಕು ಅದನ್ನೇ ತೆಗೆದುಕೊಂಡು ಹೋಗುತ್ತಿದ್ದರು. ಮೊದಮೊದಲು ಅವನಿಗೆ ಸಿಟ್ಟು ಬರುತ್ತಿತ್ತು. ಹೆಂಡತಿ ಹೋದ ಮೇಲೆ, ಅದು ಯಾವಾಗ ಶುರುವಾಯಿತೋ, ರಾಣಿ ಬಣ್ಣ ಎಂದು ಹೇಳಿ ಅವನು ಒಂದು ಗಳಿಗೆ ಸುಮ್ಮನೆ ಕಾಯತೊಡಗಿದ. ಸಂಜೆ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ತರಿಸುವ ಹೊಸ ರೂಢಿಯೂ ಶುರುವಾಯಿತು. ಕೆಲಸದವರು ಹಸಿದಿರುತ್ತಾರೆ ಎಂಬುದು ಅವನ ವಿವರಣೆ. ಇಷ್ಟು ವರ್ಷ ಆ ಕೆಲಸದವರಿಗೆ ಹಸಿವೇ ಆಗುತ್ತಿರಲಿಲ್ಲವೇ ಎಂದು ಕೇಳುವವರು ಯಾರೂ ಇರಲಿಲ್ಲ. ಅಂಗಡಿಯ ಹಳೆಯ ಆಳು ಪಾತಣ್ಣ ಮಾತ್ರ ಮಂಡಕ್ಕಿ ಮುಕ್ಕುತ್ತಾ ಸಾವುಕಾರನ ಮುಖ ನೋಡಿ, ಚಾಪೆಯ ಕಡೆ ನೋಡಿ, ಮತ್ತೆ ಮಂಡಕ್ಕಿ ಮುಕ್ಕುತ್ತಿದ್ದ.

ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬ ಮಾಡುವುದಿಲ್ಲವಲ್ಲ, ಹಾಗಾಗಿ ಒಂದು ಯುಗಾದಿ ಹಾಗೆಯೇ ಕಳೆಯಿತು. ತೊಂಬತ್ತೆಂಟರ ಯುಗಾದಿಯೇ ಶಿವಬಸಮ್ಮನಿಲ್ಲದೆ ಮಾಡಿದ ಮೊದಲ ಹಬ್ಬ. ಹಬ್ಬದ ಹಿಂದಿನ ಸಂಜೆ, ದೀಪ ಹಚ್ಚಿದ ಮೇಲೆ, ಜಂಬುಲಿಂಗಪ್ಪ ಕೆಲಸದವರನ್ನೆಲ್ಲ ಸಾಲಾಗಿ ಕರೆದ. ಪಾತಣ್ಣನಿಗೆ ಪಂಚೆ, ಟೈಲರಿಗೆ ಶರಟಿನ ಬಟ್ಟೆ, ಕಸ ಗುಡಿಸುವ ವೀರಮ್ಮನಿಗೆ ನೂಲಿನ ಸೀರೆ. ದಾಕ್ಷಾಯಿಣಿಗೂ ಒಂದು ನೂಲಿನ ಸೀರೆ, ಕುಪ್ಪಸದ ಕಣ, ಮೇಲೆ ಎಲೆ ಅಡಿಕೆ. ಅವಳು ಸೀರೆಯನ್ನು ನೋಡಿದಳು, ಅವನ ಮುಖ ನೋಡಿದಳು. ಎರಡು ಕೈಯಲ್ಲಿ ತೆಗೆದುಕೊಂಡು ಹೋದಳು. ಎಲ್ಲ ಸಾಂಗವಾಗಿ ಮುಗಿಯಿತೆಂದು ಜಂಬುಲಿಂಗಪ್ಪನಿಗೆ ಹೆಮ್ಮೆಯೇ ಆಯಿತು.

ಹಬ್ಬ ಕಳೆದು ಅಂಗಡಿ ತೆರೆದ ದಿನ ದಾಕ್ಷಾಯಿಣಿ ಅದೇ ಸೀರೆ ಉಟ್ಟು ಬಂದಳು. ನೇರಳೆ ಬಣ್ಣದ ಮೈ, ಅರಿಶಿನದ ಸಣ್ಣ ಅಂಚು. ಪೇಟೆ ಬೀದಿಯ ಉದ್ದಕ್ಕೂ ನಡೆದೇ ಬಂದಿದ್ದಳು. ಜಂಬುಲಿಂಗಪ್ಪ ಗಲ್ಲಾದ ಮೇಲಿಂದಲೇ, "ಬಣ್ಣ ಚೆನ್ನಾಗಿ ಒಪ್ಪೈತೆ ಕಣ್ರಿ ದಾಕ್ಷಾಯಿಣಮ್ಮ!" ಎಂದ. ವೀರಮ್ಮ ಪೊರಕೆ ಹಿಡಿದು ಹಾಗೇ ನಿಂತಳು. ಪಾತಣ್ಣನಿಗೆ ಎಲ್ಲಿಲ್ಲದ ಕೆಮ್ಮು ಬಂತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ದೊಡ್ಡಕ್ಕ ತಟ್ಟೆ ಇಡದೆ ಎದುರಿಗೆ ಕೂತಳು.

"ಲೇ ಜಂಬಣ್ಣ, ಆಕೆಗೆ ಸೀರೆ ಕೊಟ್ಯಂತೆ?"

"ಕೊಟ್ಟೆ. ಎಲ್ಲರಿಗೂ ಕೊಟ್ಟೆ."

"ಯಾರ ಕೈಯಾಗೆ ಕೊಡಿಸಿದೆ?"

"ಕೊಡಿಸೋದೇನು? ನಾನೇ ಕೊಟ್ಟೆ."

"ದೀಪ ಹಚ್ಚಿತ್ತಾ?"

"ಹೂಂ."

"ಕುಪ್ಪಸದ ಕಣ? ಎಲೆ ಅಡಿಕೆ?"

"ಸೀರೆ ಒಂದೇ ಹೆಂಗೆ ಕೊಡ್ಲಿ ದೊಡ್ಡಕ್ಕ, ಜಿಪುಣ ಅನ್ನಲ್ವಾ?"

"ನಾಲ್ಕು ಜನ ಇದ್ರು?"

"ಅಂಗಡಿ ಅಂದ್ಮೇಲೆ ಇರ್ತಾರಪ್ಪ!"

ದೊಡ್ಡಕ್ಕ ಹಣೆ ಚಚ್ಚಿಕೊಂಡಳು. "ದೀಪ ಹಚ್ಚೋ ಹೊತ್ತಿಗೆ, ನಾಲ್ಕು ಜನರ ಎದುರಿಗೆ, ಹೆಂಡ್ತಿ ಸತ್ತ ಗಂಡಸು ಗಂಡ ಸತ್ತ ಹೆಂಗಸಿಗೆ ಕೈಯಾರೆ ಸೀರೆ ಕುಪ್ಪಸ ಕೊಡೋದಕ್ಕೆ ನಮ್ಮ ಕಡೆ ಏನಂತಾರೋ ಮಂಕೆ? ಸೀರುಡಿಕೆ ಅಂತಾರೆ. ಅದನ್ನ ಉಟ್ಕಂಡು ನಾಲ್ಕು ಜನರ ಎದುರಿಗೆ ಬಂದ್ಳು ಅಂದ್ರೆ ಒಪ್ಪಿದ್ಳು ಅಂತ. ಅದಕ್ಕೇ ಕಣೋ ಶಿವಬಸಮ್ಮ ಪ್ರತಿ ಹಬ್ಬಕ್ಕೂ ತಾನೇ ಕೊಡ್ತಿದ್ದಿದ್ದು. ಹೆಂಗಸಿನ ಕೈಯಿಂದ ಬಂದ್ರೆ ಅದು ಬಟ್ಟೆ. ನಿನ್ನ ಕೈಯಿಂದ ಬಂದ್ರೆ ಮದುವೆ."

ಸೀರುಡಿಕೆ ಎಂಬ ಮಾತು ಜಂಬುಲಿಂಗಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಅಂಥ ಮದುವೆಗಳಿಗೆ ಅವನೇ ಎಷ್ಟೋ ಸೀರೆ ಮಾರಿದ್ದ. ಆದರೆ ಜೀವಮಾನವೆಲ್ಲ ಸೀರೆಯನ್ನು ಸರಕಾಗಿ ನೋಡಿದ ಕಣ್ಣಿಗೆ ತನ್ನ ಕೈಯಿಂದ ಹೋದ ಸೀರೆ ಬೇರೇನೋ ಆಗಬಹುದೆಂದು ಹೊಳೆದಿರಲಿಲ್ಲ.

ಊರ ಬಾಯಿಗೆ ಬೀಗ ಹಾಕುವವರು ಯಾರು? ಸಂಜೆಯ ಹೊತ್ತಿಗೆ ಸುದ್ದಿ ರಾಂಪುರ ಮುಟ್ಟಿ ಅಲ್ಲಿಂದ ಫೋನಾಗಿ ತಿರುಗಿ ಬಂತು. ಶೈಲಜಾ ಮೊದಲು ಅತ್ತಳು. ಆಮೇಲೆ, "ಊರಿಗೆಲ್ಲ ಹೇಳಿದೀರಿ, ನನಗೊಂದು ಮಾತು ಹೇಳ್ಬೇಕು ಅನ್ನಿಸಲಿಲ್ವಾ ಅಪ್ಪಾಜಿ?" ಎಂದಳು. "ನನಗೇ ಯಾರೂ ಹೇಳಿರಲಿಲ್ಲವ್ವ" ಎಂದ ಜಂಬುಲಿಂಗಪ್ಪ. ಅದು ಅಕ್ಷರಶಃ ನಿಜ. ಮಗಳಿಗೆ ಅರ್ಥವಾಗಲಿಲ್ಲ. ಕೊನೆಗೆ ಅವಳು, "ನೀವು ಒಬ್ಬರೇ ಕೂತು ಉಣ್ಣೋದು ನೆನೆಸ್ಕೊಂಡ್ರೆ ನನಗೂ ತುತ್ತು ಇಳಿಯಲ್ಲ. ಆದ್ರೂ ಅವ್ವನ ಜಾಗ ಅದು. ನೋಡಿ ಮಾಡಿ" ಎಂದು ಫೋನಿಟ್ಟಳು.

ಮರುದಿನ ದಾಕ್ಷಾಯಿಣಿ ಬರಲಿಲ್ಲ. ಅವಳ ಬದಲು ಸಿದ್ದಲಿಂಗೇಶ ಬಂದ. ಕಡ್ಲೆಕಾಯಿ ಎಣ್ಣೆಯ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡವನು, ಜಗಳಕ್ಕೆ ಬಂದವನಲ್ಲ. ಆದರೆ ಮಾತು ಗಟ್ಟಿಯಾಗಿತ್ತು.

"ಅಣ್ಣಾರೆ, ನಮ್ಮಕ್ಕ ಏನು ಕೇಳಿದ್ರೂ ಬಾಯಿ ಬಿಡ್ತಿಲ್ಲ. ಸೋಮವಾರ ಹಿರಿಯರನ್ನ ಮನೆಗೆ ಕರೆಸ್ತೀನಿ. ನೀವು ಹೌದು ಅಂದ್ರೆ ನನ್ನಷ್ಟು ಸಂತೋಷ ಪಡೋನು ಯಾರೂ ಇಲ್ಲ. ಅಲ್ಲ ಅನ್ನೋದಾದ್ರೆ ಅದನ್ನೂ ನಾಲ್ಕು ಜನರ ಮುಂದೆ ಹೇಳಿಬಿಡಿ. ಅಕ್ಕನ್ನ ಹರಿಹರದ ಚಿಕ್ಕಮ್ಮನ ಮನೆಗೆ ಕಳಿಸ್ತೀನಿ. ಊರ ತುಂಬ ಆ ಸೀರೆ ಉಟ್ಕಂಡು ಬಂದಾಳೆ, ಇನ್ನ ಇದೇ ಬೀದಿಯಾಗೆ ಆಕೆ ಹೆಂಗೆ ಓಡಾಡ್ತಾಳೆ ನೀವೇ ಹೇಳ್ರಿ."

ಜಂಬುಲಿಂಗಪ್ಪನ ಸ್ಥಿತಿ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನದು. ಅಲ್ಲ ಎಂದರೆ, ಯಾರೂ ಕೇಳದಿದ್ದರೂ ಒಪ್ಪಿಕೊಂಡು ಬಂದ ಹೆಂಗಸು ಎಂಬ ಹೆಸರು ಆ ಬಡಪಾಯಿಗೆ ಸಾಯುವ ತನಕ ಅಂಟುತ್ತದೆ. ಹೌದು ಎಂದರೆ, ಕೇಳದೇ ಇದ್ದದ್ದನ್ನು ಕೇಳಿದೆ ಎಂದು ನಂಬಿಸಿ ಸಂಸಾರ ಶುರು ಮಾಡಿದಂತಾಗುತ್ತದೆ. ತಮ್ಮನ ಮನೆಯ ಋಣ ಸಾಕಾಗಿ ಅವಳು ಒಪ್ಪಿರಲೂಬಹುದು. ಆ ಒಪ್ಪಿಗೆಯನ್ನು ಇಸಿದುಕೊಳ್ಳುವುದು ಯಾವ ಗಂಡಸುತನ?

ಅಂದು ಒಂದು ಮದುವೆ ಮನೆಯವರು ಬಂದರು. ಜಂಬುಲಿಂಗಪ್ಪ ಸೀರೆ ಬಿಚ್ಚಿ, "ರಾಣಿ ಬಣ್ಣ" ಎಂದ. ಎಂದು, ರೂಢಿಯಂತೆ ಕಾದ. ಬೀರುವಿನ ಕಡೆಯಿಂದ ಏನೂ ಬರಲಿಲ್ಲ. ಅವರು, "ಮುಂದಕ್ಕೆ ತೋರಿಸ್ರಿ ಸಾವುಕಾರ್ರೆ" ಎನ್ನುತ್ತಿದ್ದರೂ ಅವನ ಕೈ ಏಳಲಿಲ್ಲ. ಪಾತಣ್ಣನೇ ಬಂದು ವ್ಯಾಪಾರ ಮುಗಿಸಬೇಕಾಯಿತು. ಶಿವಬಸಮ್ಮ ಹೋದಾಗ ಆದ ಸಂಕಟ ಜಂಬುಲಿಂಗಪ್ಪನಿಗೆ ಗೊತ್ತಿತ್ತು. ಇದೂ ಅದೇ ಜಾತಿಯದು. ಅದು ತಿಳಿದ ಕೂಡಲೇ ಅವನಿಗೆ ಭಯವಾಯಿತು, ಹೆಂಡತಿಯ ನೆನಪಿನ ಮುಂದೆ ನಾಚಿಕೆಯೂ ಆಯಿತು.

ಭಯ ಬಿದ್ದ ವ್ಯಾಪಾರಿಗೆ ಸರಕು ತರಲು ಹೋಗುವುದೊಂದು ನೆಪ. ಶನಿವಾರ ಬೆಳಿಗ್ಗೆಯೇ ಮೊಳಕಾಲ್ಮೂರಿನ ಬಸ್ಸು ಹತ್ತಿದ. ಅಲ್ಲಿ ಚಿತ್ತಯ್ಯ ಅವನಿಗೆ ಸೀರೆ ನೇಯ್ದುಕೊಡುವ ಹಳೆಯ ನೇಕಾರ. ಮನೆಯೊಳಗೆ ಮಗ್ಗದ ಸದ್ದು ಕೇಳುತ್ತಿತ್ತು. ಚಿತ್ತಯ್ಯ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದಲ್ಲಿ ಕೂತಿದ್ದರೆ, ಅಂಚಿನ ಲಾಳಿ ಕೊಡಲು ಅವನ ಹೆಂಡತಿ ಈಶ್ವರಮ್ಮ ಪಕ್ಕದಲ್ಲಿದ್ದಳು. ಬಾಗಿಲಲ್ಲಿ ಸಾವುಕಾರನನ್ನು ಕಂಡು ಚಿತ್ತಯ್ಯ ಲಾಳಿ ಬಿಟ್ಟು ಕೈ ಮುಗಿದು, ಮನೆಮಾತಾದ ತೆಲುಗಿನಲ್ಲೇ ಶುರು ಮಾಡಿದ.

"ಏಮಿ ಸಾವುಕಾರ್ರೆ, ಶುಭ ಸಮಾಚಾರಮಂಟ! ಮಂಚಿದಿ, ಭಾಳ ಒಳ್ಳೇದಾಯ್ತು. ಬಸ್ಸಿನೋರು ನಿನ್ನೇನೇ ಹೇಳಿದ್ರು."

"ನಿಮಗೂ ಬಂತಾ?" ಎಂದು ಜಂಬುಲಿಂಗಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತ. ಈಶ್ವರಮ್ಮ ನೀರು ತಂದಳು. ನೀರು ಕುಡಿದು, ಆದದ್ದನ್ನೆಲ್ಲ ಹೇಳಿದ. ಸೀರುಡಿಕೆಯಲ್ಲ, ತಪ್ಪಾಗಿ ಹೋಯಿತು, ಎಲ್ಲರಿಗೂ ಕೊಟ್ಟ ಹಾಗೆ ಅವಳಿಗೂ ಒಂದು ಕೊಟ್ಟದ್ದು ಎಂದ.

ಚಿತ್ತಯ್ಯ ತಲೆದೂಗಿದ. "ತಪ್ಪೇ ಬಿಡಿ. ಆ ಕಸ ಗುಡಿಸೋ ಆಯಮ್ಮಂಗೆ ಯಾವ ಬಣ್ಣ ಕೊಟ್ರಿ?"

ಜಂಬುಲಿಂಗಪ್ಪ ಯೋಚಿಸಿದ. ನೆನಪಾಗಲಿಲ್ಲ. "ಕೈಗೆ ಸಿಕ್ಕಿದ್ದು ಕೊಟ್ಟೆ."

"ಈ ಆಯಮ್ಮಂಗೆ?"

"ನೇರಳೆ" ಎಂದು ಥಟ್ಟನೆ ಬಂತು. "ಅರಿಶಿನದ ಅಂಚು. ಮೊದ್ಲು ಬೂದಿ ಬಣ್ಣದ್ದು ತೆಗೆದಿದ್ದೆ, ಆಕೆ ಮುಖಕ್ಕೆ ಬಾಡಿದಂಗೆ ಕಾಣ್ತೈತೆ ಅನ್ನಿಸ್ತು. ಆಮೇಲೆ ಕಂದು ತೆಗೆದೆ, ವಯಸ್ಸಾದೋರ ಬಣ್ಣ ಅದು. ಆಮೇಲೆ..." ಹೇಳುತ್ತ ಹೇಳುತ್ತ ಜಂಬುಲಿಂಗಪ್ಪನಿಗೇ ಹೊಳೆಯಿತು. ಆ ಒಂದು ಸೀರೆ ಆರಿಸಲು ಒಂದಿಡೀ ಮಧ್ಯಾಹ್ನ ಕಳೆದಿದ್ದ. ಪಾತಣ್ಣ ಏಣಿ ಹತ್ತಿ ಇಳಿದು ಸುಸ್ತಾಗಿದ್ದ.

ಈಶ್ವರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಚಿತ್ತಯ್ಯ ನಗಲಿಲ್ಲ. "ಈಕೆ ನನಗೆ ಎರಡನೇ ಸಂಬಂಧ, ನಿಮಗೆ ಗೊತ್ತೈತಲ್ಲ. ಮೊದಲನೆಯಾಕೆಯ ಹೆಸರು ಈ ಮನೆಯಾಗೆ ದಿನಾ ಬರ್ತೈತೆ. ನನಗಿಂತ ಈಕೇನೇ ಜಾಸ್ತಿ ಹೇಳ್ತಾಳೆ. ಅದೇನೂ ತೊಂದರೆ ಇಲ್ಲ ಸಾವುಕಾರ್ರೆ. ನೀವು ಮಾತ್ರ ತಪ್ಪಾಗಿ ಕೊಟ್ಟೆ ಅಂತ ಯಾರಿಗೂ ಹೇಳ್ಬೇಡಿ, ನಂಬೋದಿಲ್ಲ."

ಸರಕು ಮರೆತು ಬರಿಗೈಯಲ್ಲಿ ಮನೆಗೆ ಬಂದ ತಮ್ಮನನ್ನು ಕಂಡು ದೊಡ್ಡಕ್ಕ ಏನೂ ಕೇಳಲಿಲ್ಲ. ರೊಟ್ಟಿ ಬಡಿಸಿದಳು. ಅವನೇ ಬಾಯಿಬಿಟ್ಟ. "ದೊಡ್ಡಕ್ಕ, ನಾನು ಆಕೆ ಹತ್ರ ನಿಜ ಹೇಳಿಬಿಡ್ತೀನಿ. ಕೇಳಿದ್ದಲ್ಲ, ಹಬ್ಬದ ಸೀರೆ ಅದು ಅಂತ."

"ಹೇಳಿದ್ರೆ ಆಕೆ ನಿನ್ನ ಮುಖಕ್ಕೆ ಬಾಗಿಲು ಹಾಕ್ತಾಳೆ."

"ಹಾಕ್ಲಿ. ಸುಳ್ಳು ಹೇಳಿ ಕರ್ಕೊಂಡು ಬಂದು ಇದೇ ಅಡಿಗೆಮನೆಯಾಗೆ ದಿನಾ ಆಕೆ ಮುಖ ಹೆಂಗೆ ನೋಡ್ಲಿ?"

"ಮತ್ತೆ ನಿನಗೆ ಬೇಕೋ ಬೇಡವೋ ಆಕೆ?"

ಜಂಬುಲಿಂಗಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಬೇಕು" ಎಂದ. ಹೇಳಿದ ಮೇಲೆ ಕಣ್ಣು ತುಂಬಿತು. "ಶಿವಬಸಮ್ಮನ್ನ ಮರೆತಿಲ್ಲ ಕಣಕ್ಕ. ಆದ್ರೂ ಬೇಕು."

ದೊಡ್ಡಕ್ಕ ಒಲೆಯ ಕೊಳ್ಳಿಗಳನ್ನು ಹಿಂದಕ್ಕೆಳೆದಳು. ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡವಳು ಅವಳು. "ನನಗೆ ಯಾರೂ ಕೊಡಲಿಲ್ಲ" ಎಂದಳು. "ಕೊಟ್ಟಿದ್ರೆ ನಾನೂ ಉಡ್ತಿದ್ದೆ. ಹೋಗು, ನಿಜಾನೇ ಹೇಳು." ತಮ್ಮನಿಗೆ ಅಕ್ಕನ ಮುಖ ನೋಡುವ ಧೈರ್ಯವಾಗಲಿಲ್ಲ. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಅವನಾಗಲಿ ಬೇರೆ ಯಾರಾಗಲಿ ಅವಳನ್ನು ಆ ಮಾತು ಕೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಜಂಬುಲಿಂಗಪ್ಪ ವಿಭೂತಿ ಧರಿಸಿ, ಒಗೆದ ಪಂಚೆ ಉಟ್ಟು ಸಿದ್ದಲಿಂಗೇಶನ ಮನೆಗೆ ಹೋದ. ಪಡಸಾಲೆಯ ಜಮಖಾನದ ಮೇಲೆ ಹಿರಿಯರು ಆಗಲೇ ಕೂತು ಎಲೆ ಹಾಕಿಕೊಳ್ಳುತ್ತಿದ್ದರು. ಮುದ್ದಪ್ಪ ಎಂಬ ಹಿರಿಯರು, "ಬಾರಪ್ಪ ಮದುಮಗನೇ" ಎಂದು ಚುಡಾಯಿಸಿದರು. ಅವನು ನಗಲಿಲ್ಲ, ಕೂರಲೂ ಇಲ್ಲ.

"ಸಿದ್ದಲಿಂಗೇಶ, ನಿಮ್ಮ ಮುಂದೆ ಹೇಳೋದಕ್ಕೆ ಮುಂಚೆ ದಾಕ್ಷಾಯಿಣಮ್ಮನ ಹತ್ರ ಒಂದು ಮಾತು ಆಡ್ಬೇಕು. ತಪ್ಪು ತಿಳ್ಕೋಬೇಡಪ್ಪ."

ಹಿರಿಯರು ಮುಖ ಮುಖ ನೋಡಿಕೊಂಡರು. ಸಿದ್ದಲಿಂಗೇಶ ಒಳಗಿನ ಬಾಗಿಲು ತೋರಿಸಿದ. ಹಿತ್ತಲ ಅಂಗಳದಲ್ಲಿ ದಾಕ್ಷಾಯಿಣಿ ಮೊರದಲ್ಲಿ ಕಡ್ಲೆಬೀಜ ಹಸನು ಮಾಡುತ್ತಿದ್ದಳು. ಉಟ್ಟದ್ದು ಹಳೆಯ ಸೀರೆ. ಅವನನ್ನು ಕಂಡು ಎದ್ದು ನಿಂತಳು. ಬಾಗಿಲು ಓರೆಯಾಗಿತ್ತು. ಪಡಸಾಲೆಯಲ್ಲಿ ಯಾರೂ ಎಲೆ ಅಗಿಯುತ್ತಿರಲಿಲ್ಲ.

"ದಾಕ್ಷಾಯಿಣಮ್ಮ, ನಾನು ಹೇಳೋದನ್ನ ಪೂರ್ತಿ ಕೇಳಿ ಆಮೇಲೆ ಬೈಯಿರಿ" ಎಂದ ಜಂಬುಲಿಂಗಪ್ಪ. "ಆ ಸೀರೆ ನಾನು ಕೇಳೋದಕ್ಕೆ ಅಂತ ಕೊಟ್ಟಿದ್ದಲ್ಲ. ಹಬ್ಬಕ್ಕೆ ಎಲ್ಲರಿಗೂ ಕೊಟ್ಟಂಗೆ ಕೊಟ್ಟೆ. ಹೆಂಗಸರ ಕೈಯಾಗೆ ಕೊಡಿಸ್ಬೇಕು ಅನ್ನೋದು ನನಗೆ ಹೊಳೀಲಿಲ್ಲ. ನೀವು ಅದನ್ನ ಬೇರೆ ಅಂದ್ಕೊಂಡು ಉಟ್ಟಿದ್ರೆ ತಪ್ಪು ನನ್ನದು, ನಿಮ್ಮದಲ್ಲ. ಅದನ್ನ ಆ ಹಿರಿಯರ ಮುಂದೇನೂ ಹೇಳ್ತೀನಿ. ನಿಮ್ಮ ಮೇಲೆ ಒಂದು ಮಾತು ಬರದಂಗೆ ನೋಡ್ಕೋತೀನಿ."

ಅವಳು ಮೊರವನ್ನು ಕಟ್ಟೆಯ ಮೇಲಿಟ್ಟಳು. ಕೈಗೆ ಅಂಟಿದ ಹೊಟ್ಟು ಒರೆಸಿಕೊಂಡಳು.

"ನನಗೆ ಗೊತ್ತಿತ್ತು" ಎಂದಳು.

"ಏನು?"

"ಅದು ಹಬ್ಬದ ಸೀರೆ ಅಂತ. ವೀರಮ್ಮಂಗೆ ಕೊಟ್ಟಿದ್ದು ಕಣ್ಣೆದುರಿಗೇ ನೋಡಿದೀನಲ್ಲ. ನಿಮಗೆ ರೀತಿ ರಿವಾಜು ತಿಳಿಯಲ್ಲ ಅಂತಾನೂ ಗೊತ್ತಿತ್ತು." ಅವಳ ದನಿ ಮೆಲ್ಲಗಿತ್ತು, ಆದರೆ ನಡುಗಲಿಲ್ಲ. "ಅವತ್ತು ಮನೆಗೆ ತಂದಾಗ ನನ್ನ ತಮ್ಮನ ಹೆಂಡ್ತಿ ನೋಡಿ, ‘ಅಕ್ಕ, ಇಲ್ಲಿ ಕೊಡಿ, ನಾನು ಮುಟ್ಟಿ ನನ್ನ ಕೈಯಾರೆ ನಿಮಗೆ ತಿರುಗಿ ಕೊಡ್ತೀನಿ, ದೋಷ ಹೋಗ್ತೈತೆ’ ಅಂತ ಕೈ ಚಾಚಿದ್ಳು. ಹಂಗೆ ಮಾಡಿದ್ರೆ ಅಲ್ಲಿಗೇ ಮುಗೀತಿತ್ತು. ಯಾರೂ ಏನೂ ಅಂತಿರಲಿಲ್ಲ. ನಾನು ಕೊಡಲಿಲ್ಲ."

ಅವಳು ನೆಲ ನೋಡುತ್ತಿದ್ದವಳು ಕತ್ತೆತ್ತಿದಳು.

"ನೀವು ಕೇಳೋರಲ್ಲ. ನಿಮಗೆ ಅದು ಹೊಳೆಯೋ ಹೊತ್ತಿಗೆ ಇಬ್ಬರಿಗೂ ಹಲ್ಲು ಉದುರಿರ್ತಿದ್ವು. ಹೆಂಗಸು ಹೋಗಿ ಕೇಳೋದು ನಮ್ಮಲ್ಲಿ ಇಲ್ಲ. ಇರೋದು ಇದೊಂದೇ ದಾರಿ, ಅದೂ ತಾನಾಗೇ ಬಂತು. ಅದಕ್ಕೇ ಉಟ್ಕಂಡು ಪೇಟೆ ಬೀದಿಯಾಗೆ ನಡ್ಕಂಡು ಬಂದೆ. ಕೇಳಿದ್ದು ನಾನು. ನೀವು ಒಪ್ಪಲಿಲ್ಲ ಅಂದ್ರೂ ನನಗೆ ನಾಚಿಕೆ ಇಲ್ಲ, ಹರಿಹರಕ್ಕೆ ಹೋಗ್ತೀನಿ. ಆದ್ರೆ ಬಾಯಿ ಬಿಟ್ಟು ಹೇಳ್ರಿ, ಸುಮ್ನೆ ನಿಲ್ಲಬೇಡ್ರಿ."

ತನ್ನನ್ನು ಒಬ್ಬರು ಬೇಕೆಂದು ಇಷ್ಟು ಧೈರ್ಯವಾಗಿ ಕೇಳಬಹುದು ಎಂಬುದು ಆ ಮನುಷ್ಯನ ಕಲ್ಪನೆಯಲ್ಲೇ ಇರಲಿಲ್ಲ. ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡ. ಎಷ್ಟು ಒರೆಸಿದರೂ ಕಣ್ಣು ಒಣಗಲಿಲ್ಲ. ಕೊನೆಗೆ ಹಾಗೆಯೇ ತಿರುಗಿ ಬಾಗಿಲನ್ನು ಪೂರ್ತಿ ತಳ್ಳಿ ಪಡಸಾಲೆಗೆ ಬಂದು ನಿಂತ.

ಮುದ್ದಪ್ಪ ಎದ್ದೇಬಿಟ್ಟರು. "ಏನಪ್ಪ, ಏನಂದ್ಳು? ಒಪ್ಪಿದ್ಳಾ?"

"ಆಕೆ ಒಪ್ಪೋದಲ್ಲ ಹಿರಿಯರೆ" ಎಂದ ಜಂಬುಲಿಂಗಪ್ಪ, ಹಿತ್ತಲಿಗೂ ಕೇಳುವ ಹಾಗೆ. "ಆಕೆ ಕೇಳಿದಾಳೆ. ನಾನು ಒಪ್ಪಿದೀನಿ."